ಅಜ್ಜ ಬರುವ ಲೋಕಲ್ ರೈಲು

ಲಿಂಗಂಪಲ್ಲಿ, ಹೈದರಾಬಾದ್
ಜುಲೈ 4, ಶುಕ್ರವಾರ

ಮಾನ್ಯ ಅರ್ಜಿದಾರರೇ, ಅಂದರೆ ಕೇದಾರಾ,

ಮದುವೆಯಾದಾಗ ಪಾಲುದಾರ, ಮಗಳು ಹುಟ್ಟಿದಾಗ ಜವಾಬುದಾರ, ಈಗ ಅರ್ಜಿದಾರ. ಹೆಸರಿನ ಬಾಲದಲ್ಲೇ ದಾರ ಇರುವವನನ್ನು ಕಟ್ಟಿಕೊಂಡರೆ ಇನ್ನೇನಾಗುತ್ತದೆ? ಗಂಟು ಬಿತ್ತು, ಬಿಚ್ಚಲು ಹೈಕೋರ್ಟೇ ಬೇಕಾಯಿತು.

ಎದುರು ಪಕ್ಷದವರ ಜೊತೆ ಏನಿದ್ದರೂ ವಕೀಲರ ಮೂಲಕ, ಬರೆಯಲೇಬೇಕಾದರೆ ಬಹುವಚನದಲ್ಲಿ ಎಂದು ನನ್ನ ವಕೀಲ ನರಸಿಂಹ ಗಾರು ಅಪ್ಪಣೆ ಮಾಡಿದ್ದಾರೆ. ನನ್ನಲ್ಲಿದ್ದ ಬಹುವಚನವೆಲ್ಲ ಸಂಬೋಧನೆಗೇ ಖರ್ಚಾಯಿತು. ಮಾವನವರ ಎದುರು ನೀವು, ಅಡುಗೆಮನೆಯಲ್ಲಿ ನೀನು ಎಂದು ಇಷ್ಟು ವರ್ಷ ಆಡಿದವಳು ನಾನು. ಇದು ಅಡುಗೆಮನೆಯಿಂದ ಬರೆಯುತ್ತಿರುವ ಪತ್ರ. ನಿನ್ನ ವಕೀಲರಿಗೆ ತೋರಿಸಬೇಕೆನಿಸಿದರೆ ತೋರಿಸು. ನನ್ನ ವಿರುದ್ಧ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಿನಗೆ ಸಿಗಲಾರದು.

ಲಹರಿ ಚೆನ್ನಾಗಿದ್ದಾಳೆ. ಮೇಲಿನ ಎರಡು ಹಲ್ಲು ಬಿದ್ದಿವೆ. ನಿನ್ನ ಸುಗಲತ್ತೆಯ ಜೊತೆ ಇದ್ದೂ ಇದ್ದೂ ಅವಳ ಕನ್ನಡ ಪೂರಾ ಯಾದಗಿರಿಯದಾಗಿದೆ. ಶಾಲೆಯಲ್ಲಿ ತೆಲುಗು, ಮೆಟ್ಟಿಲ ಮೇಲೆ ಆಡುವಾಗ ಹಿಂದಿ, ಸಿಟ್ಟು ಬಂದಾಗ ಮಾತ್ರ ಫ್ರೆಂಚ್. ಮೊನ್ನೆ ನನ್ನ ಮೇಲೆ ಫ್ರೆಂಚಿನಲ್ಲಿ ಕೂಗಿದಳು. ಅಡುಗೆಮನೆಯಿಂದ ಸುಗಲತ್ತೆ, ‘ಏನಂದ್ಲ ಅಕಿ? ಬೈದಳೋ, ಮಂತ್ರ ಅಂದಳೋ?’ ಅಂದರು.

ಲಹರಿಯನ್ನು ಮರಳಿ ಕಳಿಸಬೇಕೆಂದು ನೀನು ಹಾಕಿದ ಕೇಸು ಈ ತಿಂಗಳ ಕೊನೆಯ ಸೋಮವಾರ ಬರುತ್ತದೆ. ನ್ಯಾಯಮೂರ್ತಿಗಳು ಲಹರಿಯನ್ನು ತಮ್ಮ ಕೋಣೆಗೆ ಕರೆದು ಮಾತಾಡಿಸುತ್ತಾರಂತೆ. ನೀನು ಲಕ್ಸೆಂಬರ್ಗಿನಿಂದ ಪರದೆಯ ಮೇಲೆ ಹಾಜರಾಗುತ್ತೀಯಂತೆ. ಪರದೇಶದ ಅಪ್ಪ ಪರದೆಯ ಅಪ್ಪನಾದ. ನೀನೇಕೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ಅರ್ಜಿಯನ್ನು ವಕೀಲರ ಕೈಯಲ್ಲಿ ಕಳಿಸಬಹುದು, ಆದರೆ ನೀನೇ ಇಲ್ಲಿಯ ಕೋರ್ಟಿನ ಮೆಟ್ಟಿಲು ಹತ್ತಿದರೆ ಇಲ್ಲಿಯ ಕಾನೂನೇ ದೊಡ್ಡದೆಂದು ಒಪ್ಪಿಕೊಂಡ ಹಾಗೆ. ಅಲ್ಲಿಯ ಕೋರ್ಟಿನ ಆದೇಶಕ್ಕೆ ತಲೆಬಾಗಿ ಮಗುವನ್ನು ಕಳಿಸಿದರೆ ಅಲ್ಲಿಯದೇ ದೊಡ್ಡದೆಂದು ನಾನು ಒಪ್ಪಿಕೊಂಡ ಹಾಗೆ. ಇಬ್ಬರೂ ಕಾನೂನು ಓದಿದವರು ನೋಡು, ಅನ್ನ ಆರಿದರೂ ಅಧಿಕಾರವ್ಯಾಪ್ತಿ ಆರಬಾರದು.

ನೆನಪಿದೆಯಾ, ಕಾಲೇಜಿನ ಎದುರಿನ ಇರಾನಿ ಹೋಟೆಲು? ನಿನಗೆ ಆಗಲೇ ಯುರೋಪಿನ ಹುಚ್ಚು. ರಾಷ್ಟ್ರಗಳ ಮೇಲೊಂದು ಕಾನೂನು, ಸದಸ್ಯ ದೇಶಗಳೆಲ್ಲ ಅದಕ್ಕೆ ಬದ್ಧ, ಆದರೂ ಪ್ರತಿ ದೇಶದ ಸಂವಿಧಾನದ ಗುರುತನ್ನು ಒಕ್ಕೂಟ ಗೌರವಿಸತಕ್ಕದ್ದು ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಅದು ನಮ್ಮ ಕೂಡುಕುಟುಂಬ ಕಣೋ, ಎಂದಿದ್ದೆ ನಾನು. ‘ನಿನ್ನ ತವರಿನ ರೀತಿನೀತಿಗೆ ಈ ಮನೆಯಲ್ಲಿ ಪೂರ್ತಿ ಗೌರವ’ ಎಂದು ಸೊಸೆಯನ್ನು ಒಳಗೆ ಕರೆಯುತ್ತಾರೆ, ಸಾರಿಗೆ ಎಷ್ಟು ಬೆಲ್ಲ ಎಂಬುದರಲ್ಲಿ ಮಾತ್ರ ಅತ್ತೆಯದೇ ಅಂತಿಮ ತೀರ್ಪು. ನೀನು ನಗುತ್ತಾ ಚಹಾ ಚೆಲ್ಲಿಕೊಂಡೆ. ನಾನು ಸೋಲದೆ ನಮ್ಮ ಸಂವಿಧಾನದ ಮೂಲ ರಚನೆ ತಂದೆ: ಸಂಸತ್ತೇ ಮುಟ್ಟಲಾಗದ ಒಂದು ತಿರುಳಿದೆ, ಇನ್ನು ಹೊರಗಿನವರು ಹೇಗೆ ಮುಟ್ಟುತ್ತಾರೆ? ಮದುವೆಯಾದ ಮೇಲೂ ನಿನ್ನ ಅಪ್ಪನ ಮನೆಯ ಈ ಹಾಲ್‌ನಲ್ಲಿ ಕೂತು ಅದೇ ಜಗಳ. ನಿನ್ನ ಅಪ್ಪ ಪೇಪರು ಕೆಳಗಿಳಿಸಿ, ‘ಸುಪ್ರೀಂ ಕೋರ್ಟಿನವರ, ಈ ಮುದುಕಗ ಚಾ ಯಾವ ಕಲಮಿನ್ಯಾಗ ಸಿಗತೈತಿ, ಅದನ್ನಷ್ಟ ಹುಡುಕಿ ಹೇಳ್ರಿ’ ಎನ್ನುತ್ತಿದ್ದರು.

ಆಮೇಲೆ ನಾನು ನಿನ್ನ ಒಕ್ಕೂಟಕ್ಕೆ ಸೇರಿದೆ. ಲಕ್ಸೆಂಬರ್ಗಿನಲ್ಲಿ ನೀನು ಪ್ರೊಫೆಸರ್. ನನಗೆ ಕೊಟ್ಟ ಕಾರ್ಡಿನ ಮೇಲೆ ‘ಕುಟುಂಬದ ಸದಸ್ಯೆ’ ಎಂದಿತ್ತು. ಇಲ್ಲಿ ಸಂವಿಧಾನ ಪಾಠ ಮಾಡಿದವಳು ಅಲ್ಲಿ ನಿನ್ನ ಸಹೋದ್ಯೋಗಿಗಳಿಗೆ ಉಪ್ಪಿಟ್ಟು ಪರಿಚಯಿಸಿದೆ. ಇದನ್ನು ನೂರು ಸಲ ಹೇಳಿದೆ, ನೂರು ಸಲವೂ ನೀನು ‘ಸ್ವಲ್ಪ ದಿನ’ ಎಂದೆ. ಹಾಗಾಗಿ ಮಾವನವರಿಗೆ ಹುಷಾರಿಲ್ಲವೆಂದು ಲಹರಿಯನ್ನು ಕರೆದುಕೊಂಡು ಬಂದಾಗ ನನ್ನ ಪೆಟ್ಟಿಗೆ ಹದಿನೈದು ದಿನದ್ದಕ್ಕಿಂತ ಭಾರವಿತ್ತು. ವಿಮಾನ ನಿಲ್ದಾಣದಲ್ಲಿ ಅದನ್ನು ಎತ್ತಿಕೊಟ್ಟವನು ನೀನೇ. ನಿನಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದೆಯೋ, ನಾನು ಕೇಳಿಲ್ಲ.

ಈಗ ಕೋರ್ಟಿಗೆ ಗೊತ್ತಿಲ್ಲದ್ದಕ್ಕೆ ಬರುತ್ತೇನೆ.

ಶಿವರಾತ್ರಿ ಮುಗಿದ ವಾರ ಮಾವನವರು ಆಸ್ಪತ್ರೆಯಲ್ಲೇ ತೀರಿಕೊಂಡರು. ಅಲ್ಲಿಂದಲೇ ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದೆವು. ಲಹರಿ ಇಲ್ಲಿ ಪಕ್ಕದ ಮನೆಯ ನಲಿನಿಯವರ ಹತ್ತಿರ ಇದ್ದಳು. ನೀನು ಮಣ್ಣಿಗೆ ಸಿಗಲಿಲ್ಲ, ಮೂರನೆಯ ದಿನಕ್ಕೆ ಬಂದೆ. ಮರಳುವ ದಾರಿಯಲ್ಲಿ ಈ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ‘ಅಜ್ಜ ಎಲ್ಲಿ’ ಅಂದಳು. ಪ್ರತಿ ವರ್ಷ ಯುಗಾದಿಗೆ ಊರಿನವರ ಜೊತೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದುಹೋಗುವ ಮನುಷ್ಯ ಅವರು. ಅದೇ ನಿನ್ನ ಬಾಯಿಗೆ ಬಂತು: ‘ಮಲ್ಲಯ್ಯನ ಕಡೆ ನಡಕೋತ ಹೋಗ್ಯಾನ ಪುಟ್ಟಿ. ಬರ್ತಾನ.’ ಅವಳು ನನ್ನ ಕಡೆ ತಿರುಗಿದಳು. ಹೌದು ಎಂದೆ. ಈ ಮದುವೆಯಲ್ಲಿ ಇಬ್ಬರೂ ಸಹಿ ಹಾಕಿದ ಕಟ್ಟಕಡೆಯ ಒಪ್ಪಂದ ಅದು. ನೀನು ಎರಡು ದಿನಕ್ಕೆ ವಿಮಾನ ಹತ್ತಿದೆ, ಒಪ್ಪಂದವನ್ನು ಪಾಲಿಸುವ ಕೆಲಸ ನನಗೆ ಬಂತು.

ಯುಗಾದಿ ಬಂತು, ಹೋಯಿತು. ಶ್ರೀಶೈಲಕ್ಕೆ ಹೋದವರೆಲ್ಲ ತಿರುಗಿ ಬಂದರು. ಲಹರಿ ಬಾಗಿಲ ಹೊರಗಿನ ಅವರ ಚಪ್ಪಲಿ ತೋರಿಸಿ, ‘ಅಜ್ಜ ಬರಿಗಾಲಿಂದ ಹೋಗ್ಯಾನಲ್ಲ, ಅದಕ್ಕ ತಡ ಆಗಾಕತ್ತೈತಿ’ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಶ್ರೀಶೈಲದಿಂದ ಮರಳುವಾಗ ಅಜ್ಜ ಬರುವುದು ಸಿಕಂದರಾಬಾದಿಗೆ, ಅಲ್ಲಿಂದ ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಗೆ. ಹಾಗಾಗಿ ನಾವಿಬ್ಬರೂ ದಿನಾ ಸಂಜೆ ಸ್ಟೇಷನ್ನಿಗೆ ಹೋಗುತ್ತೇವೆ. ಇಲ್ಲಿಗೆ ಬಂದ ಲೋಕಲ್ ಮುಂದೆ ಹೋಗುವುದಿಲ್ಲ, ಎಲ್ಲರೂ ಇಳಿಯಲೇಬೇಕು. ಕೊರಳಲ್ಲಿ ಕಂಪನಿ ಪಟ್ಟಿ ತೂಗಿಸಿಕೊಂಡ ಹುಡುಗರು, ಹೂವಿನ ಬುಟ್ಟಿಯವರು, ನಿದ್ದೆ ಹೋಗಿದ್ದವರು ಇಳಿದು ಹೋಗುತ್ತಾರೆ. ಲಹರಿ ಒಂದೊಂದೇ ಮುಖ ನೋಡುತ್ತಾಳೆ. ಬೋಗಿ ಖಾಲಿಯಾದ ಮೇಲೂ ನೋಡುತ್ತಾಳೆ. ಖಾಲಿ ಬೋಗಿಯೊಳಗೆ ಫ್ಯಾನು ತಿರುಗುತ್ತಿರುತ್ತದೆ.

ಮೊದಮೊದಲು ನಾನು ಆ ಹೊತ್ತಿಗೆ ಫೋನ್ ನೋಡುತ್ತಾ ನಿಲ್ಲುತ್ತಿದ್ದೆ. ಈಗ ನೋಡುವುದಿಲ್ಲ ಕೇದಾರಾ. ನಾನೂ ಬೋಗಿಯೊಳಗೆ ನೋಡುತ್ತೇನೆ.

ಹೋದ ವಾರ ಕೊನೆಯ ಬೋಗಿಯಿಂದ ಬಿಳಿ ಟೊಪ್ಪಿಗೆಯವರೊಬ್ಬರು ಇಳಿದರು. ಬೆನ್ನು ಈ ಕಡೆ. ಎಡಭುಜ ಸ್ವಲ್ಪ ತಗ್ಗಿಸಿ, ಕಂಬಿ ಹಿಡಿದುಕೊಂಡು, ಮೊದಲು ಬಲಗಾಲು. ಪ್ಲಾಟ್‌ಫಾರಂ ತುಂಬಾ ಕೇಳುವಂತೆ ‘ಮಾವಾರೀ’ ಎಂದು ಕೂಗಿದವಳು ಲಹರಿಯಲ್ಲ, ನಾನು. ಅವರು ತಿರುಗಲಿಲ್ಲ. ಜನರ ನಡುವೆ ಹೋಗಿಬಿಟ್ಟರು. ಲಹರಿ ನನ್ನ ಸೆರಗು ಜಗ್ಗಿ ಮೆಲ್ಲಗೆ, ‘ನಿನಗೂ ಕಂಡನೇನಮ್ಮಾ?’ ಎಂದಳು. ನಿನಗೂ, ಎಂದಳು.

ಇನ್ನೊಂದಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಮಾವನವರ ಚಪ್ಪಲಿಯ ಮೂತಿ ಮನೆಯೊಳಗಿನ ಕಡೆಗೆ ತಿರುಗಿರುತ್ತದೆ, ಯಾರೋ ಈಗಷ್ಟೇ ಬಿಟ್ಟು ಒಳಗೆ ಬಂದ ಹಾಗೆ. ಲಹರಿಯ ಕೆಲಸವೆಂದೇ ನಂಬಿದ್ದೆ. ಮೊನ್ನೆ ಗದರಿದೆ. ‘ನಾ ಯಾಕ ಇಡಲಿ? ನೀನ ಇಡ್ತಿ. ಹಾಲಿನ ಪಾಕೀಟ ತರಾಕ ಹೋದಾಗ ಬಗ್ಗಿ ತಿರುಗಿಸಿಡ್ತಿ, ನಾ ನೋಡೀನಿ’ ಎಂದಳು. ನನಗೆ ನೆನಪಿಲ್ಲ. ದೇವರಾಣೆಗೂ ನೆನಪಿಲ್ಲ.

ಸುಗಲತ್ತೆಗೆ ಎಲ್ಲ ಗೊತ್ತು, ಆದರೆ ಮಗುವಿನ ಎದುರು ಬಾಯಿ ಬಿಡುವುದಿಲ್ಲ. ನಿನ್ನೆ ಸೊಪ್ಪು ಸೋಸುತ್ತಾ ನನಗೊಬ್ಬಳಿಗೇ ಕೇಳುವಂತೆ, ‘ಸತ್ತ ಅಣ್ಣನ್ನ ದಿನಾ ಕರಿಯಾಕ ಹೊಂಟೀಯಲ್ಲವಾ, ಅಂವ ಖರೇನ ಬಂದು ನಿಂತರ ಏನ್ ಮಾಡ್ತಿ? ವಾಪಸ್ ಹೋಗು ಅಂತೀಯೋ, ಚಾ ಇಡ್ತೀಯೋ?’ ಎಂದರು.

ಈಗ ನರಸಿಂಹ ಗಾರು ಮನೆಗೆ ಬಂದದ್ದನ್ನು ಹೇಳುತ್ತೇನೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕೆ.

ನ್ಯಾಯಮೂರ್ತಿಗಳ ಮುಂದೆ ಮಗು ಏನು ಹೇಳುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಲು ಬಂದಿದ್ದರು. ಕಾನೂನಿನ ಬಗ್ಗೆ ಅವರಿಗೆ ಚಿಂತೆಯೇ ಇಲ್ಲ. ‘ಏಂ ಕಾದು ಮೇಡಂ,’ ಏನೂ ಆಗಲ್ಲ, ದೇಶ ದಾಟಿಸಿದ ಮಕ್ಕಳನ್ನು ಮರಳಿ ಕಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ, ಅವರ ಆದೇಶವನ್ನು ಇಲ್ಲಿ ಓದಬಹುದು, ಪಾಲಿಸಲೇಬೇಕೆಂದಿಲ್ಲ, ನಮ್ಮ ಕೋರ್ಟು ನೋಡುವುದು ಮಗುವಿನ ಹಿತ, ಎಂದರು. ಆಮೇಲೆ ಲಹರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿಯಲ್ಲಿ ಅಪ್ಪನ ಹತ್ತಿರ ಹೋಗ್ತೀಯಾ ಎಂದು ಕೇಳಿದರು. ಅವಳು ಕನ್ನಡದಲ್ಲೇ, ‘ಅಜ್ಜ ಬರೂ ತನಕ ನಾ ಎಲ್ಲೀ ಹೋಗಂಗಿಲ್ಲ’ ಎಂದಳು. ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಅವರು ತೊಡೆ ತಟ್ಟಿಕೊಂಡರು. ಇದೇ ಮಾತು, ಇಷ್ಟೇ ಮಾತು ಅಲ್ಲಿ ಹೇಳಿದರೆ ಸಾಕು ಮೇಡಂ, ಮಗುವಿನ ಬೇರು ಇಲ್ಲೇ ಇದೆ ಎಂದಾಯಿತು, ಅಂದರು.

ಲಹರಿಯ ಮಾತು ಮುಗಿದಿರಲಿಲ್ಲ. ನನ್ನ ಮುಖ ನೋಡುತ್ತಾ, ‘ಅಜ್ಜ ಬಂದ ಕೂಡ್ಲೆ ಅವನ್ನ ಕರಕೊಂಡು ಅಪ್ಪನ ಕಡೆ ಹೋಗೂದಲ್ಲಮ್ಮಾ? ನೀನ ಅಂದಿದ್ದೆಲ್ಲ?’ ಎಂದಳು.

ಅದನ್ನು ನಾನು ತೆಲುಗಿಗೆ ತಿರುಗಿಸಲಿಲ್ಲ.

ಹೌದು, ನಾನೇ ಅಂದಿದ್ದೆ. ನೀನು ವಿಮಾನ ಹತ್ತಿದ ವಾರ ಅವಳಿಗೆ ನಿನಗಾಗಿ ಅತ್ತು ಅತ್ತು ಜ್ವರ ಬಂದಾಗ, ಅಜ್ಜ ಬರಲಿ, ಅವರನ್ನೂ ಕರೆದುಕೊಂಡು ಹೋಗೋಣ ಎಂದಿದ್ದೆ. ಆಮೇಲೆ ಅವಳು ಅಳಲಿಲ್ಲ. ದಿನಾ ಸಂಜೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಇಷ್ಟು ತಿಂಗಳು ಆ ಸ್ಟೇಷನ್ನಿನಲ್ಲಿ ಅವಳು ಕಾಯುತ್ತಿರುವುದು ಅಜ್ಜನಿಗಾಗಿ ಹೌದು, ಆದರೆ ಅಜ್ಜನ ಹಿಂದೆ ನೀನಿದ್ದೀಯ. ಕೋರ್ಟು ಅದನ್ನು ಹೈದರಾಬಾದಿನ ಪ್ರೀತಿ ಎಂದು ಬರೆದುಕೊಳ್ಳುತ್ತದೆ, ನಾನು ಗೆಲ್ಲುತ್ತೇನೆ. ಆಮೇಲೆ? ಗೆದ್ದ ದಿನ ಸಂಜೆಯೂ ಅವಳು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾಳೆ. ನಾನು ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೊಂಡಾಪುರದ ಕಾಲೇಜಿನಲ್ಲಿ ನನಗೆ ಮತ್ತೆ ಪಾಠ ಸಿಕ್ಕಿದೆ. ಬಾಗಿಲ ಮೇಲೆ ನನ್ನ ಹೆಸರಿದೆ. ಅದನ್ನು ಕಳಚಿಟ್ಟು ಬರುವುದಿಲ್ಲ, ಇದು ನನ್ನ ಮೂಲ ರಚನೆ, ಯಾವ ಒಕ್ಕೂಟದ ತಿದ್ದುಪಡಿಗೂ ಸಿಗುವುದಿಲ್ಲ. ಆದರೆ ಮಗಳನ್ನು ಹಿಡಿದಿಟ್ಟುಕೊಳ್ಳಲು ನಿನ್ನ ಅಪ್ಪನ ದೆವ್ವವನ್ನು ಸಾಕ್ಷಿಗೆ ಕರೆಯುವುದೂ ಇಲ್ಲ. ನ್ಯಾಯಮೂರ್ತಿಗಳಿಗೆ ಅವಳ ಮಾತಿನ ಎರಡನೆಯ ಅರ್ಧವನ್ನೂ ಹೇಳುತ್ತೇನೆ. ನರಸಿಂಹ ಗಾರು ವಕಾಲತ್ತು ವಾಪಸು ತೆಗೆದುಕೊಂಡರೆ ತೆಗೆದುಕೊಳ್ಳಲಿ.

ಅದಕ್ಕೂ ಮೊದಲು ಲಹರಿಗೆ ಹೇಳಬೇಕು. ನಾಳೆ ಯಾದಗಿರಿ ರೈಲು ಹಿಡಿದು ಮೂವರೂ ಊರಿಗೆ ಹೋಗುತ್ತಿದ್ದೇವೆ. ಹೊಲದಲ್ಲಿ, ಬೇವಿನ ಗಿಡದ ಕೆಳಗೆ, ತೋರಿಸಿ ಹೇಳುತ್ತೇನೆ. ಒಪ್ಪಂದವನ್ನು ಒಬ್ಬಳೇ ಮುರಿಯುತ್ತಿದ್ದೇನೆ, ಪೂರ್ವ ಸೂಚನೆ ಕೊಡುವುದು ಅಂತರರಾಷ್ಟ್ರೀಯ ಸಭ್ಯತೆಯಂತೆ, ಅದಕ್ಕೆ ಈ ಪತ್ರ. ಅವಳು ಹೇಗೆ ತೆಗೆದುಕೊಳ್ಳುತ್ತಾಳೋ ಗೊತ್ತಿಲ್ಲ. ತಿಳಿದ ಮೇಲೆಯೇ ಅಂಚೆಗೆ ಹಾಕುತ್ತೇನೆ, ಪೂರ್ವ ಸೂಚನೆ ತಡವಾಗಿ ತಲುಪಿದರೆ ತಲುಪಲಿ.

ನಿನ್ನ (ವಕೀಲರು ನೋಡಿದರೆ ಹೊಡೆದುಹಾಕುವ ಪದ),
ಸುಹಾಸಿನಿ

ತಾ.ಕ. ಭಾನುವಾರ. ಊರಿಂದ ಬಂದೆವು. ಹೇಳಿದೆ. ಅವಳು ಅಳಲಿಲ್ಲ. ಚೀಲದಲ್ಲಿ ಅಜ್ಜನ ಚಪ್ಪಲಿ ತಂದಿದ್ದಳು, ನಮಗೆ ಗೊತ್ತೇ ಇರಲಿಲ್ಲ. ಮಣ್ಣಿನ ಪಕ್ಕ ಜೋಡಿಸಿಟ್ಟಳು. ಆಮೇಲೆ, ‘ಅಪ್ಪನೂ ಫೋನಿನ್ಯಾಗ ಬರ್ತೀನಿ, ಬರ್ತೀನಿ ಅಂತಾನ. ಅಪ್ಪನೂ ಸತ್ತಾನೇನು?’ ಎಂದಳು. ಇಲ್ಲ ಪುಟ್ಟಿ, ಇದ್ದಾನೆ ಎಂದೆ. ಈಗಲೇ ಫೋನ್ ಹಚ್ಚಿ ತೋರಿಸುತ್ತೇನೆ ಎಂದೆ. ತಲೆ ಅಲ್ಲಾಡಿಸಿದಳು. ಅಜ್ಜ ಬರ್ತಾನ ಅಂತ ನೀವಿಬ್ಬರೂ ಅಂದಿದ್ರಿ ಎಂದಳು. ಸುಗಲತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು. ಕೇಸಿನ ಸೋಮವಾರ ಪರದೆಯ ಮೇಲೆ ಬರಬೇಡ ಕೇದಾರಾ. ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಡ ಬೇಕಾದರೆ, ಸಂಜೆಯ ಲೋಕಲ್‌ನಿಂದ ಲಿಂಗಂಪಲ್ಲಿಯಲ್ಲಿ ಇಳಿ. ನಾವಿಬ್ಬರೂ ಅಲ್ಲೇ ಇರುತ್ತೇವೆ. ಅವಳು ಹೇಳಿದ್ದು ಇಷ್ಟೇ: ‘ಕರಿ ಅವನ್ನ. ಮುಟ್ಟಿ ನೋಡ್ತೀನಿ.’