ಅಂಗೈಯ ಕಲೆ

ಮಂಡ್ಯ
ಭಾನುವಾರ

ರೀ,

‘ಸುಟ್ಟ ಗದ್ದೆಗೆ ಮತ್ತೆ ಬೆಂಕಿಯ ಭಯವಿಲ್ಲ’ ಎಂದೋ ಏನೋ ಒಂದು ಸಾಲು ಓದಿದ್ದೆ, ಪೂರ್ತಿ ನೆನಪಿಲ್ಲ. ಬರೆದವರು ನಮ್ಮ ಯಲಿಯೂರಿನ ಕೂಳೆ ಕಬ್ಬನ್ನು ನೋಡಿರಲಾರರು. ಕಡಿದು ತರಗು ಸುಟ್ಟ ಮೇಲೂ ಅದು ಬುಡದಿಂದ ಚಿಗುರುತ್ತದೆ, ಮತ್ತೆ ಉರಿಯುತ್ತದೆ.

ಎಚ್‌ಐವಿ ಮಾತ್ರೆಯನ್ನು ನಾವಿಬ್ಬರೂ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಕಾಣುತ್ತಿಲ್ಲವೆಂದು ಡಾಕ್ಟರು ಹೇಳಿದ ದಿನ ಮದ್ದೂರಿನಲ್ಲಿಳಿದು ವಡೆ ತಿಂದೆವು. ಅಂದಿನಿಂದ ನಿರೋಧ್ ಬಿಟ್ಟೆವು. ಆ ಮಾತ್ರೆ ಬೇರೆ ಕಾಯಿಲೆಯನ್ನು ತಡೆಯುವುದಿಲ್ಲವಂತೆ. ಅಂಗೈಯಲ್ಲಿ ಕೆಂಪು ಕಲೆ ಎದ್ದಿತೆಂದು ಪರೀಕ್ಷೆ ಮಾಡಿಸಿದೆ. ಸಿಫಿಲಿಸ್. ಇಂಜೆಕ್ಷನ್ ಕೊಟ್ಟಿದ್ದಾರೆ, ವಾಸಿಯಾಗುತ್ತದೆ ಎಂದರು. ಆದರೂ ಗಳಿಗೆಗೊಮ್ಮೆ ಅಂಗೈ ನೋಡಿಕೊಳ್ಳುತ್ತೇನೆ.

ನನ್ನ ಕಡೆಯಿಂದ ಬಂದದ್ದಲ್ಲವೆಂದು ನಿಮಗೆ ಗೊತ್ತು. ಹುಬ್ಬಳ್ಳಿಯಲ್ಲಿ ಯಾರು ಎಂದು ಕೇಳುವುದಿಲ್ಲ, ಆದರೆ ಅವರಿಗೂ ತಿಳಿಸಿ. ನೀವು ಅಲ್ಲೇ ಪರೀಕ್ಷೆ ಮಾಡಿಸಿ, ಚಿಕಿತ್ಸೆ ಮುಗಿಸಿಕೊಂಡು ಬನ್ನಿ. ಇಲ್ಲದಿದ್ದರೆ ನನಗೆ ಮತ್ತೆ ಅಂಟುತ್ತದೆ. ಈ ಸಲ ಪೇಡ ಬೇಡ, ಡಾಕ್ಟರ ಚೀಟಿ ತನ್ನಿ.

ಇಂತಿ,
ನಾಗಶ್ರೀ

ತಾ.ಕ.: ಇದನ್ನು ಮಡಿಸುವಾಗ ಎದುರುಮನೆ ಚಲುವಮ್ಮ ಸೊಪ್ಪು ಕೊಡಲು ಬಂದರು. ನಾನು ಕೈಚಾಚಿದೆ. ಬಾಗಿಲಲ್ಲೇ ನಕ್ಕುಬಿಟ್ಟರು: “ಏನವ್ವ, ಈ ವಯಸ್ಸಲ್ಲಿ ಗೋರಂಟಿನಾ? ಯಜಮಾನ್ರು ಬತ್ತಾವ್ರೆ ಅನ್ನು!”