ಉಡಿಯಲ್ಲೇ ಉಳಿದ ಬೀಜ

ಅತ್ತಿ,

ನಿಮ್ಮ ಸೊಸಿ ಬರೆಯುತ್ತಿದ್ದೇನೆ. ಸಿಟ್ಟಾಗಬೇಡಿ ಅಂದರೂ ಆಗುತ್ತೀರಿ, ಅದಕ್ಕೇ ನೇರ ಹೇಳಿಬಿಡುತ್ತೇನೆ. ಹೊಳಿದಂಡಿ ಹೊಲವನ್ನು ಈ ಹಿಂಗಾರಿಗೆ ಬಿತ್ತಲಿಲ್ಲ.

ಮದುವೆಯಾದ ವರ್ಷ ನೀವೇ ನನ್ನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದಿರಿ. ಉಡಿ ತುಂಬ ಬಿಳಿಜೋಳ ಸುರಿದು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವುದನ್ನು ಕಲಿಸಿದಿರಿ. "ಗಂಡಸು ಬರೇ ಎತ್ತು ಹೊಡೀತಾನ, ಬಿತ್ತೂದು ನಾವ. ಮುಷ್ಟಿ ಸಡ್ಲ ಬಿಟ್ಟಿ ಅಂದ್ರ ಬೆಳಿ ಕೆಟ್ಟಂಗ ತಿಳಿ" ಅಂದು ಮೊಣಕೈಗೆ ಒಂದು ಕೊಟ್ಟಿದ್ದೂ ಇದೆ. ಮರೆತಿಲ್ಲ ನಾನು.

ಆಣೆಕಟ್ಟಿನ ಹಿನ್ನೀರು ಬಂದು ನೆಲ ಜೌಗಾದ ಮೇಲೂ ನೀವು ಬಿಡಲಿಲ್ಲ. ಹೋದ ಚಳಿಗಾಲ ಬಾತಿನ ಹಿಂಡು ಎಳೆ ಪೈರಿಗೆ ಇಳಿದಾಗ, ಮೈಯಲ್ಲಿ ಜ್ವರ ಇಟ್ಟುಕೊಂಡು ಡಬ್ಬಿ ಬಡಿಯುತ್ತ ಕೆಸರಲ್ಲಿ ನಿಂತಿರಿ. ಆಮೇಲೆ ಹಾಸಿಗೆ ಹಿಡಿದವರು ಏಳಲಿಲ್ಲ. "ಆ ಹೊಲಾ ಬೀಳ ಬಿಡಬ್ಯಾಡೋ" ಎಂದು ಮಗನ ಕೈ ಹಿಡಿದಿರಿ. ನನಗೆ ಒಂದು ಮಾತೂ ಹೇಳಲಿಲ್ಲ. ಬೀಜ ಬಿಡುವವಳು ನಾನಲ್ಲವೇ ಅತ್ತಿ?

ನೀವು ಹೋದಮೇಲೆ ಬೀಳಗಿ ಕಡೆಯಿಂದ ಅರಣ್ಯ ಇಲಾಖೆಯವರ ಜೀಪು ಬಂತು. ದಂಡೆಯ ಹೊಲಗಳನ್ನು ಚಳಿಗಾಲ ಬಿತ್ತದೆ ಬಿಡಿ, ನೀರು ನಿಲ್ಲಲಿ, ಹಕ್ಕಿ ಇಳಿಯಲಿ, ಪರಿಹಾರ ಕೊಡುತ್ತೇವೆ ಅಂದರು. ಆದರೆ ಒಬ್ಬರು ಬಿತ್ತಿದರೂ ಯಾರಿಗೂ ಇಲ್ಲ. ಎಲ್ಲರೂ ಒಪ್ಪಿದರು, ನಿಮ್ಮ ಮಗನ ಹೊರತು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇವತ್ತ ಬೀಳ ಬಿಡು ಅಂತಾರ, ನಾಳೆ ಹೊಲಾನ ನಮ್ದು ಅಂತಾರ" ಎಂದು ಎದ್ದು ಬಂದರು. ಅವರ ಹೆದರಿಕೆ ಸುಳ್ಳೆಂದು ಹೇಳಲು ನನಗೂ ಬಾಯಿಲ್ಲ.

ಪಕ್ಕದ ಹೊಲದ ಬಸಪ್ಪ ಬಾಗಿಲಿಗೇ ಬಂದ. "ಹೆಂಗೂ ಬೆಳಿ ಬಾತ ತಿಂತಾವು. ನಿಮ್ಮೊಬ್ಬರ ಹಟಕ್ಕ ನಾವೆಲ್ಲಾ ಉಪಾಸ ಇರೂಣೇನು?" ಮರುದಿನದಿಂದ ನಮ್ಮ ಹೊಲದ ಕೆಲಸಕ್ಕೆ ನೆರೆಯವರು ಮುಯ್ಯಾಳಾಗಿ ಬರುವುದು ನಿಂತಿತು. ಬಾವಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಊರಲ್ಲಿ ಇದ್ದೂ ಇಲ್ಲದ ಹಾಗೆ ಬದುಕುವುದು ಹೇಗೆ, ನೀವಾದರೂ...

ಬಿತ್ತುವ ಮುಂಜಾನೆ ನಿಮ್ಮ ಮಗ ಕೂರಿಗೆ ಹೂಡಿದರು. ಒಡ್ಡಿನ ಮೇಲೆ ಊರೇ ನಿಂತಿತ್ತು. ಬಸಪ್ಪನ ಕೈಯಲ್ಲಿ ಬಡಿಗೆ ಇತ್ತು. ನನ್ನ ಉಡಿ ತುಂಬ ಜೋಳ. ಮುಷ್ಟಿ ಬಟ್ಟಲಿನ ಮೇಲೆ ಹಿಡಿದೆ, ಬಿಚ್ಚಲಿಲ್ಲ. ಎತ್ತು ನಡೆದವು, ಕೂರಿಗೆ ಖಾಲಿ ಓಡಿತು. ನಿಮ್ಮ ಮಗ ತಿರುಗಿ ನೋಡಿದರು.

"ಬಿಡು ಬೀಜಾ."

"ಬಿಡಂಗಿಲ್ರಿ."

"ಅವ್ವನ ಮಾತೈತಿ!"

"ಅತ್ತೀನ್ನ ಈ ಕೆಸರ ನುಂಗೇತ್ರಿ. ಮುಂದ ಡಬ್ಬಿ ಬಡಿಯಾಕ ಯಾರ್ನ ಕಳಸ್ತೀರಿ, ನನ್ನೇನು?"

ಅವರು ಬಾರಕೋಲು ಎತ್ತಿದರು, ಆಮೇಲೆ ಇಳಿಸಿದರು. ಎತ್ತು ಬಿಚ್ಚಿ ಮನೆಗೆ ನಡೆದರು. ಒಡ್ಡಿನ ಮೇಲಿದ್ದವರು ಒಬ್ಬೊಬ್ಬರೇ ಚದುರಿದರು.

ಪರಿಹಾರ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಹೊಲದಲ್ಲಿ ನೀರು ನಿಂತಿದೆ, ಬಾತು ಇಳಿದಿವೆ, ಓಡಿಸುವವರಿಲ್ಲ. ನಿಮ್ಮ ಮಗ ನಿನ್ನೆ ಊಟದ ನಡುವೆ, "ಅವ್ವ ಇದ್ದಿದ್ರ ನಿನ್ನ ಮುಷ್ಟಿ ಹಿಡಿದು ಬಿಚ್ಚತಿದ್ಲು" ಅಂದರು.

ಬಿಚ್ಚುತ್ತಿದ್ದಿರಿ, ನನಗೂ ಗೊತ್ತು. ಆದರೆ ಅತ್ತಿ, ನೀವು ಬದುಕಿ ಆ ಒಡ್ಡಿನ ಮೇಲೆ ಬಂದು ನಿಂತಿದ್ದರೂ ನಾನು ಬೀಜ ಬಿಡುತ್ತಿರಲಿಲ್ಲ.