‘ಆತ್ರಿ’ ಎಂದವನ ಊಟ

ಗದಗ, ಇಸವಿ ಎರಡು ಸಾವಿರದ ಇನ್ನೂರ ಹದಿನಾರು, ಶ್ರಾವಣ ಮಾಸ.

ನನ್ನ ಮುತ್ತಜ್ಜಿಯೂ ಹುಟ್ಟಿರದ ಕಾಲದಲ್ಲಿ ಬದುಕಿರುವ ಹಿರಿಯರಿಗೆ, ದ್ಯಾಮವ್ವನ ನಮಸ್ಕಾರ.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕನ್ನಡ ನಿಮಗೆ ಒಡ್ಡೊಡ್ಡಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೂರು ವರ್ಷದಲ್ಲಿ ಮಾತೂ ಸವೆಯುತ್ತದೆ. ಕಾಗದವನ್ನು ಕಳೆದ ಕಾಲಕ್ಕೆ ಒಯ್ಯುವ ‘ಹಿಂದಂಚೆ’ ನಮ್ಮಲ್ಲಿದೆ, ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಉಳಿದವರು ಅದರಲ್ಲಿ ಹಿರಿಯರ ಕ್ಷೇಮಸಮಾಚಾರ ಕೇಳುತ್ತಾರೆ. ನಾನು ಜಗಳ ತೆಗೆಯುತ್ತಿದ್ದೇನೆ. ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿದೆ.

ನನ್ನ ಅಣ್ಣ ಫಕೀರಪ್ಪ ಕಪ್ಪತಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಕಂಬಗಳನ್ನು ನೋಡಿಕೊಳ್ಳುವವನು. ಹೋದ ವರ್ಷ ಅವನಿಗೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿತು. ಆಮೇಲೆ ಅನ್ನ, ಕೊನೆಗೆ ಗಂಜಿಯೂ. ಅನ್ನನಾಳದ ಕ್ಯಾನ್ಸರು. ಮೊದಲು ಔಷಧಿಯಿಂದ ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ನಾಳವನ್ನೇ ತೆಗೆಯಬೇಕು ಎಂದು ಡಾಕ್ಟರ್ ಮೆಹರುನ್ನೀಸಾ ನಮ್ಮನ್ನು ಕೂರಿಸಿಕೊಂಡು ತಿಳಿಸಿದರು. ನಿಮ್ಮ ಕಾಲದ ದಾರಿ ಇನ್ನೂ ಇದೆ: ನಾಳ ತೆಗೆದು, ಹೊಟ್ಟೆಯನ್ನೇ ಸಣ್ಣ ಕೊಳವೆ ಮಾಡಿ, ಎದೆಯೊಳಗೆ ಮೇಲಕ್ಕೆಳೆದು ಕತ್ತಿನ ಹತ್ತಿರ ಜೋಡಿಸುವುದು. ಹೊಟ್ಟೆ ಅದಕ್ಕೆ ಒದಗದಿದ್ದರೆ ದೊಡ್ಡ ಕರುಳಿನ ಒಂದು ತುಂಡು. ಪೂರ್ತಿ ಎದೆ ಕೊಯ್ಯದೆ ಸಣ್ಣ ತೂತುಗಳಿಂದಲೂ ಮಾಡುತ್ತಾರೆ. ನಮ್ಮ ಕಾಲದ್ದು ‘ಬೆಳೆನಾಳ’, ರೋಗಿಯ ಮೈಯ ಕಣಗಳಿಂದಲೇ ಪಾತ್ರೆಯಲ್ಲಿ ಬೆಳೆಸುವ ಹೊಸ ಅನ್ನನಾಳ. ಅದಕ್ಕೆ ಅರ್ಧ ವರ್ಷ ಕಾಯಬೇಕು, ಗಡ್ಡೆ ಕಾಯುವುದಿಲ್ಲ. ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. “ಹಳೇದ ಮಾಡ್ರಿ ಡಾಕ್ಟರ್ರ. ನನ್ನ ಹೊಟ್ಟಿ ನನಗ ಗುರ್ತೈತಿ. ಆ ಹೊಸಾದು ಬೆಳಿಯೂ ತನಕಾ ನಾ ಇರಬೇಕಲ್ಲ?” ಎಂದ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಜೋಡಿಸಿದ ಜಾಗ ಸೋರೀತೆಂದು ಮೊದಲ ವಾರ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು, ಸೋರಲಿಲ್ಲ. ಪಕ್ಕೆಯಿಂದ ಕರುಳಿಗೆ ಹಾಕಿದ್ದ ನಳಿಕೆಯಿಂದಲೇ ಹಾಲು, ಗಂಜಿನೀರು ಹೋಗುತ್ತಿತ್ತು. ಬಾಯಲ್ಲಿ ನುಂಗಲು ಬಂದ ಮೇಲೆ ಅದನ್ನು ತೆಗೆದು ಮನೆಗೆ ಕಳಿಸಿದರು. ಕಟ್ಟುನಿಟ್ಟು ಬಹಳ. ಸ್ವಲ್ಪಸ್ವಲ್ಪವೇ, ದಿನಕ್ಕೆ ಆರು ಸಲ. ಉಂಡ ಕೂಡಲೇ ಮಲಗುವ ಹಾಗಿಲ್ಲ, ಉಂಡದ್ದು ಗಂಟಲಿಗೆ ಬರುತ್ತದೆ. ರಾತ್ರಿ ತಲೆ ಕಡೆ ಎತ್ತರಿಸಿದ ಮಂಚ. ಸಿಹಿ ಕಡಿಮೆ, ಒಮ್ಮೆ ಆಸೆಬುರುಕ ಹೋಳಿಗೆ ತಿಂದು, ಬೆವತು, ಎದೆ ಹೊಡೆದುಕೊಂಡು, ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ಇವೆಲ್ಲವನ್ನೂ ಸಹಿಸಬಹುದು. ಒಂದನ್ನು ನಾವು ಎಣಿಸಿರಲಿಲ್ಲ. ಅವನಿಗೆ ಹಸಿವೇ ಸತ್ತುಹೋಗಿತ್ತು. ಉಣ್ಣಬೇಕೆಂದು ಒಳಗಿನಿಂದ ಯಾರೂ ಕೂಗುವುದಿಲ್ಲ ಎನ್ನುತ್ತಿದ್ದ.

ಈಗ ಜಗಳಕ್ಕೆ ಬರುತ್ತೇನೆ. ಆಸ್ಪತ್ರೆಯವರು ಮನೆಯ ಗೋಡೆಗೆ ಒಂದು ಯಂತ್ರ ಹಾಕುತ್ತಾರೆ. ರೋಗಿಯನ್ನು ವಿಚಾರಿಸಿ ಸುದ್ದಿ ಮುಟ್ಟಿಸುವುದು ಅದರ ಕೆಲಸ. ನಮ್ಮ ಓಣಿಯ ಹೆಂಗಸರು ಅದಕ್ಕೆ ‘ಕೇಳವ್ವ’ ಎಂದು ಹೆಸರಿಟ್ಟಿದ್ದಾರೆ. ಅದು ಮಾತು ಕಲಿತದ್ದು ನಿಮ್ಮ ಕಾಲದ ಧ್ವನಿಗಳಿಂದ, ಆದ್ದರಿಂದ ನಿಮ್ಮ ಮರ್ಯಾದೆಯೂ ಅದಕ್ಕೆ ಬಂದಿದೆ. ಹೊತ್ತು ಹೊತ್ತಿಗೆ, “ಊಟ ಆತೇನ್ರಿ ಯಜಮಾನ್ರ?” ಎನ್ನುತ್ತಿತ್ತು. ಅಣ್ಣ, “ಆತ್ರಿ, ನಿಮ್ದಾತ್ರಿ?” ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅದು ಊಟವೆಂದು ದಾಖಲಾಗುತ್ತಿತ್ತು. ಮನೆಯಲ್ಲಿ ಅವನೊಬ್ಬನೇ. ಪಕ್ಕದ ಮನೆಯಿಂದ ನಾನು ಕೂಗಿ ಕೇಳಿದರೂ ಅದೇ ‘ಆತವಾ’. ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ‘ಇಲ್ಲ’ ಎಂದವರನ್ನು ನೀವಾದರೂ ಕಂಡಿದ್ದೀರಾ?

ಮೊನ್ನೆ ಬಾಗಿಲಲ್ಲೇ ಕುಸಿದ. ಎತ್ತಿ ಕೂರಿಸುವಾಗ ಅವನು ಎಷ್ಟು ಹಗುರಾಗಿದ್ದನೆಂದರೆ, ನನಗೆ ಅಳು ಬಂತು. ಒಳಗೆ ನೋಡಿದರೆ ನಾನು ಕೊಟ್ಟ ಗಂಜಿಯ ಡಬ್ಬಿಗಳು ಮುಚ್ಚಳವನ್ನೂ ತೆಗೆಯದೆ ಸಾಲಾಗಿ ಕೂತಿದ್ದವು. ಓಡಿಬಂದ ಡಾಕ್ಟರಮ್ಮ, “ದಿನಾ ಆರು ಸಲ ಉಂಡಾರಂತ ಬಂದೈತಲ್ರಿ!” ಎಂದು ತಲೆಗೆ ಕೈಹಚ್ಚಿದರು. ನಾನು ಅಣ್ಣನ ಕಡೆ ತಿರುಗಿದೆ. “ಮಶೀನಿಗೆ ಯಾಕ ಸುಳ್ಳು ಹೇಳಿದಿ, ಹುಚ್ಚ?” ಎಂದು ಬೈದೆ.

“ಸುಳ್ಳಲ್ಲ ದ್ಯಾಮಿ. ಇಲ್ಲ ಅಂದ್ರ ಕೇಳಿದವ್ರು ಎದ್ದು ಬಡಸಬೇಕಾಕ್ಕೈತಿ. ಪಾಪ, ಅದಕ್ಕ ಕೈ ಎಲ್ಲಿ ಅದಾವು?” ಎಂದ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ. ಗೋಡೆಗೂ ತ್ರಾಸ ಕೊಡಬಾರದೆಂದು ಉಪವಾಸ ಬಿದ್ದವನನ್ನು ಏನೆಂದು ಬೈಯಲಿ? ನಾಳೆ ಬೆಳಿಗ್ಗೆ ಪಕ್ಕೆಗೆ ಮತ್ತೆ ನಳಿಕೆ ಹಾಕುತ್ತಾರಂತೆ. ಸಣ್ಣ ಕೆಲಸ, ಆದರೆ ಈ ಮೈ ತಡೆದೀತೋ ಇಲ್ಲವೋ ಹೇಳಲಾರೆ ಎಂದು ಡಾಕ್ಟರಮ್ಮ ಮುಖ ಆಚೆ ತಿರುಗಿಸಿದರು. ಇವತ್ತು ಬಾಯಿಂದ ಇಳಿದಷ್ಟೂ ಬಲ. ಕೇಳವ್ವನ ಬಾಯಿಗೆ ನಾನು ಬಟ್ಟೆ ಕಟ್ಟಿದ್ದೇನೆ.

ಹಿರಿಯರೇ, ನೀವು ಈಗ ಯಂತ್ರಗಳಿಗೆ ಮಾತು ಕಲಿಸುತ್ತಿದ್ದೀರಿ. ಕಲಿಸಿ, ಬೇಡ ಎನ್ನುವುದಿಲ್ಲ. ಆದರೆ ಅನ್ನನಾಳ ತೆಗೆಸಿಕೊಂಡು ಮನೆಗೆ ಬಂದವರನ್ನು ಊಟ ಆಯಿತೇ ಎಂದು ಕೇಳುವ ಕೆಲಸ ಅವಕ್ಕೆ ವಹಿಸಬೇಡಿ. ನೀವೂ ಕೇಳಬೇಡಿ. ತಟ್ಟೆ ತಂದು ಎದುರಿಗೆ ಕೂತುಬಿಡಿ. ನಿಮ್ಮಿಂದ ನಮ್ಮವರೆಗೆ ಆ ರೂಢಿ ಹರಿದು ಬಂದರೆ, ಇನ್ಯಾರದೋ ಅಣ್ಣ ಉಳಿದಾನು.

ಅಣ್ಣ ಗೋಡೆಗೆ ಒರಗಿ ಕೂತಿದ್ದಾನೆ. ಗಂಜಿಯ ಮೊದಲ ಚಮಚ ಅವನ ತುಟಿಯ ಹತ್ತಿರ ಹಿಡಿದೇ ಎಡಗೈಯಲ್ಲಿ ಈ ಸಾಲು ಬರೆಯುತ್ತಿದ್ದೇನೆ. ಅವನಿನ್ನೂ ಬಾಯಿ ತೆರೆದಿಲ್ಲ. ನಾನು ಏಳುವುದಿಲ್ಲ.